ಕಾಯುವವನನ್ನು ನಂಬುವ ಬಗೆ

ಬ್ರಿಟನ್ನಿನಲ್ಲಿ ಅಂಗಡಿ, ಗೋದಾಮು, ಕಚೇರಿಗಳ ಬಾಗಿಲಲ್ಲಿ ನಿಲ್ಲುವ ಗುತ್ತಿಗೆ ಸಂಸ್ಥೆಯ ಕಾವಲುಗಾರನಿಗೆ 2001ರ ಖಾಸಗಿ ಭದ್ರತಾ ಉದ್ಯಮ ಕಾಯ್ದೆಯ ಪ್ರಕಾರ ಪಡೆದ ಪರವಾನಗಿ ಇದ್ದರೆ ಸಾಕು. ಆದರೆ ಅದೇ ಮನುಷ್ಯ ಅಣುಸ್ಥಾವರದಲ್ಲೋ ಸೇನಾ ನೆಲೆಯಲ್ಲೋ ಸಚಿವಾಲಯದಲ್ಲೋ ಮತ್ತೊಬ್ಬರ ಬೆಂಗಾವಲಿಲ್ಲದೆ ಓಡಾಡುವ ಕೆಲಸಕ್ಕೆ ಸೇರಬೇಕಾದರೆ, ಪರವಾನಗಿಯ ಮೇಲೆ ಸರ್ಕಾರದ ಇನ್ನೊಂದು ಒಪ್ಪಿಗೆ ಬೇಕಾಗುತ್ತದೆ. ಆ ಒಪ್ಪಿಗೆಗೆ ಮೊದಲು ನಡೆಯುವ ಪೂರ್ವಾಪರ ಶೋಧನೆಯನ್ನು ಅಲ್ಲಿ ವೆಟಿಂಗ್ ಎಂದು ಕರೆಯುತ್ತಾರೆ. ಅದರಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ: ಕಾವಲುಗಾರರಿಗೆ ಸಾಮಾನ್ಯವಾಗಿ ಅನ್ವಯಿಸುವ ಭಯೋತ್ಪಾದನಾ ನಿಗ್ರಹ ತಪಾಸಣೆ, ಅದಕ್ಕಿಂತ ಮೇಲಿನ ಭದ್ರತಾ ತಪಾಸಣೆ, ಎಲ್ಲಕ್ಕೂ ಮೇಲಿನ ವಿಸ್ತೃತ ವೆಟಿಂಗ್. ಇವಕ್ಕೆ ಅಭ್ಯರ್ಥಿ ಸಾಮಾನ್ಯವಾಗಿ ಕ್ರಮವಾಗಿ 3, 5 ಮತ್ತು 10 ವರ್ಷ ಆ ದೇಶದಲ್ಲಿ ವಾಸವಾಗಿರಬೇಕು. ಮೊದಲನೆಯದರಲ್ಲಿ ಅಪರಾಧ ದಾಖಲೆಯನ್ನೂ ಗುಪ್ತಚರ ಕಡತಗಳನ್ನೂ ನೋಡಿದರೆ, ಎರಡನೆಯದರಲ್ಲಿ ಸಾಲಸೋಲಗಳ ಲೆಕ್ಕವೂ ಸೇರುತ್ತದೆ, ಮೂರನೆಯದರಲ್ಲಿ ಅಧಿಕಾರಿಯೊಬ್ಬ ಎದುರು ಕುಳಿತು ಸಂಸಾರ, ಸ್ನೇಹ, ಚಟಗಳವರೆಗೂ ವಿಚಾರಿಸುತ್ತಾನೆ. ಭಾರತದಲ್ಲಿ 2005ರ ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಕಾಯ್ದೆಯು ಪ್ರತಿ ಸೆಕ್ಯುರಿಟಿ ಗಾರ್ಡ್‌ನ ನಡತೆ ಮತ್ತು ಪೂರ್ವಾಪರಗಳ ಪರಿಶೀಲನೆಯನ್ನು ಕಡ್ಡಾಯಗೊಳಿಸಿದೆ. ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಅನುಮತಿಯನ್ನೂ ಪಡೆಯಬೇಕು.

ಇದು ಆಡಳಿತದ ವಿಷಯವಾಗಿ ಕಂಡರೂ ಇದರ ತಳದಲ್ಲಿರುವುದು ತತ್ತ್ವಶಾಸ್ತ್ರದ ಒಂದು ಹಳೆಯ ತೊಡಕು. ಇಂಥವನು ಕಾವಲಿಗೆ ಯೋಗ್ಯ ಎಂದು ಸರ್ಕಾರ ಬರೆದುಕೊಡುವಾಗ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಕಾಗದದಲ್ಲಿ ಉತ್ತರ ಕೊಟ್ಟಂತಾಗುತ್ತದೆ: ಇವನು ಯಾರು, ಇದುವರೆಗೆ ಏನು ಮಾಡಿದ್ದಾನೆ, ಇನ್ನು ಮುಂದೆ ಏನು ಮಾಡುತ್ತಾನೆ. ಮೊದಲ ಎರಡಕ್ಕೆ ದಾಖಲೆಯಿದೆ, ಸಾಕ್ಷಿಯಿದೆ; ಕಾವಲಿಗೆ ಇಟ್ಟುಕೊಳ್ಳುವವರಿಗೆ ನಿಜವಾಗಿ ಬೇಕಾಗಿರುವ ಮೂರನೆಯದಕ್ಕೆ ಇರುವುದು ಅನುಮಾನ ಪ್ರಮಾಣ ಮಾತ್ರ. ನ್ಯಾಯದರ್ಶನದ ಪ್ರಕಾರ ಅನುಮಾನ ಸಾಧುವಾಗಬೇಕಾದರೆ ವ್ಯಾಪ್ತಿ ಬೇಕು, ಅಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವಂತೆ ಎಲ್ಲಿಯೂ ತಪ್ಪದ ಸಹಚಾರ ಬೇಕು. ಇದುವರೆಗೆ ದ್ರೋಹ ಮಾಡದವನು ಮುಂದೆಯೂ ಮಾಡುವುದಿಲ್ಲ ಎಂಬ ಮಾತಿಗೆ ಅಂತಹ ವ್ಯಾಪ್ತಿ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಏಕೆಂದರೆ ದ್ರೋಹ ಬಗೆದ ಪ್ರತಿಯೊಬ್ಬನೂ ಅದರ ಹಿಂದಿನ ದಿನದವರೆಗೆ ದ್ರೋಹ ಬಗೆಯದವನೇ ಆಗಿದ್ದ. ಹಾಗೆಂದು ಶೋಧನೆಯೇ ವ್ಯರ್ಥವೆಂದು ಯಾರೂ ಹೇಳಲಾರರು. ಅದು ಹೇಳಬಲ್ಲದ್ದು ಎಷ್ಟು, ಹೇಳದೆ ಉಳಿದುದರ ಹೊಣೆ ಯಾರದು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಪರೀಕ್ಷಿಸಿಯೇ ನಂಬಬೇಕೆಂಬ ಪಕ್ಷವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಮಂಡಿಸಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಅದರ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು. ಗ್ರಂಥದ ಮೊದಲ ಅಧಿಕರಣದಲ್ಲಿ ಅಮಾತ್ಯರನ್ನು ಪರೀಕ್ಷಿಸುವ ನಾಲ್ಕು ಉಪಧೆಗಳ ವಿವರಣೆಯಿದೆ. ಉಪಧೆ ಎಂದರೆ ಪರೀಕ್ಷೆಗಾಗಿಯೇ ಒಡ್ಡುವ ಕಪಟದ ಆಮಿಷ. ರಾಜನು ಪುರೋಹಿತನನ್ನು ಅವಮಾನಿಸಿ ಹೊರಹಾಕಿದಂತೆ ನಟಿಸುತ್ತಾನೆ, ಆ ಪುರೋಹಿತನು ಗುಪ್ತಚರರ ಮೂಲಕ ಒಬ್ಬೊಬ್ಬ ಅಮಾತ್ಯನ ಬಳಿಗೂ ಹೇಳಿಕಳುಹಿಸಿ, ಈ ರಾಜ ಅಧರ್ಮಿ, ಇವನನ್ನು ಇಳಿಸಿ ಬೇರೊಬ್ಬನನ್ನು ತರೋಣವೆಂದು ಪುಸಲಾಯಿಸುತ್ತಾನೆ, ಇದು ಧರ್ಮೋಪಧೆ. ಪದಚ್ಯುತನಾದಂತೆ ನಟಿಸುವ ಸೇನಾಪತಿ ಹಣದ ಆಸೆ ತೋರಿಸಿದರೆ ಅರ್ಥೋಪಧೆ, ಅಂತಃಪುರದಲ್ಲಿ ಗೌರವ ಪಡೆದ ಸಂನ್ಯಾಸಿನಿಯೊಬ್ಬಳು ರಾಣಿ ನಿನ್ನನ್ನು ಬಯಸುತ್ತಿದ್ದಾಳೆಂದು ಸುದ್ದಿ ತಂದರೆ ಕಾಮೋಪಧೆ, ನೌಕಾವಿಹಾರದ ನೆಪದಲ್ಲಿ ಎಲ್ಲರನ್ನೂ ಸೆರೆಹಿಡಿಸಿ, ಅಪಮಾನದಲ್ಲಿ ಬೇಯುತ್ತಿರುವ ಅವರ ನಡುವೆ ಮೊದಲೇ ಸೆರೆಯಲ್ಲಿಟ್ಟ ಕಪಟ ವಿದ್ಯಾರ್ಥಿಯೊಬ್ಬನಿಂದ ರಾಜಹತ್ಯೆಯ ಮಾತೆತ್ತಿಸಿದರೆ ಭಯೋಪಧೆ.

ಈ ಪ್ರಕರಣದಲ್ಲಿ ಹೆಚ್ಚು ಕುತೂಹಲಕರವಾದುದು ಆಮಿಷಗಳ ಚಾತುರ್ಯಕ್ಕಿಂತ ಫಲಿತಾಂಶವನ್ನು ಬಳಸುವ ರೀತಿ. ಧರ್ಮೋಪಧೆಯಲ್ಲಿ ಶುದ್ಧನಾದವನಿಗೆ ನ್ಯಾಯವಿಚಾರಣೆಯ ಕೆಲಸ, ಅರ್ಥದಲ್ಲಿ ಶುದ್ಧನಾದವನಿಗೆ ಕಂದಾಯ ಮತ್ತು ಬೊಕ್ಕಸ, ಕಾಮದಲ್ಲಿ ಶುದ್ಧನಾದವನಿಗೆ ವಿಹಾರಸ್ಥಾನಗಳ ಕಾವಲು, ಭಯದಲ್ಲಿ ಶುದ್ಧನಾದವನಿಗೆ ರಾಜನ ಸಮೀಪದ ಸೇವೆ. ನಾಲ್ಕರಲ್ಲಿಯೂ ಗೆದ್ದವನು ಮಂತ್ರಿ. ನಾಲ್ಕರಲ್ಲಿಯೂ ಸೋತವನಿಗೂ ಗಣಿಯಲ್ಲೋ ಮರಮುಟ್ಟಿನ ಕಾಡಿನಲ್ಲೋ ಆನೆಗಳ ಕಾಡಿನಲ್ಲೋ ಕಾರ್ಖಾನೆಯಲ್ಲೋ ಒಂದು ಕೆಲಸವಿದೆ. ಅಂದರೆ ಮನುಷ್ಯ ಒಟ್ಟಾರೆ ಒಳ್ಳೆಯವನೇ ಎಂಬ ಪ್ರಶ್ನೆಯನ್ನು ಕೌಟಿಲ್ಯ ಕೇಳುವುದೇ ಇಲ್ಲ. ಯಾವ ಸೆಳೆತಕ್ಕೆ ಇವನು ಬಗ್ಗುವುದಿಲ್ಲ, ಆ ಸೆಳೆತ ಯಾವ ಹುದ್ದೆಯಲ್ಲಿ ಹೆಚ್ಚು ಎಂಬುದಷ್ಟೇ ಅವನಿಗೆ ಬೇಕು. ಇಂದಿನ ವೆಟಿಂಗ್ ಅರ್ಜಿಗಳಲ್ಲಿ ಈ ವಿವೇಕ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಕೌಟಿಲ್ಯ ಪೂರ್ವಾಚಾರ್ಯರ ಮಾತಿಗೆ ತನ್ನ ಭಿನ್ನಮತವನ್ನು ಸೇರಿಸುತ್ತಾನೆ. ಪರೀಕ್ಷೆಯ ಆಮಿಷದಲ್ಲಿ ರಾಜನನ್ನಾಗಲಿ ರಾಣಿಯನ್ನಾಗಲಿ ಗುರಿಯಾಗಿ ಬಳಸಬಾರದೆಂದೂ, ನೀರಿಗೆ ವಿಷ ಬೆರೆಸಿದಂತೆ ಕೆಡದವನನ್ನು ಕೆಡಿಸಬಾರದೆಂದೂ, ಹಾಗೆ ಕೆಟ್ಟ ಬುದ್ಧಿಗೆ ಮತ್ತೆ ಮದ್ದು ಸಿಗದೆ ಹೋಗಬಹುದೆಂದೂ ಅವನ ಎಚ್ಚರಿಕೆ. ರಾಜದ್ರೋಹದ ಯೋಚನೆಯೇ ಸುಳಿಯದ ತಲೆಯಲ್ಲಿ ಅದನ್ನು ಮೊದಲು ಬಿತ್ತುವವನು ಪರೀಕ್ಷಕನೇ ಆಗಿಬಿಡುವ ಅಪಾಯವನ್ನು, ಅನುಮಾನವನ್ನೇ ಆಡಳಿತದ ಸೂತ್ರವಾಗಿಸಿಕೊಂಡವನೆಂದು ಹೆಸರಾದ ಆಚಾರ್ಯನೇ ಕಂಡಿದ್ದನೆಂಬುದು ಗಮನಾರ್ಹ.

ಬರ್ಲಿನ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ನಡೆದ ಪ್ರಕರಣವೊಂದು ಈ ಎಚ್ಚರಿಕೆಯ ಗಡಿಯನ್ನು ತೋರಿಸುತ್ತದೆ. ಅಲ್ಲಿನ ಕಾವಲುಗಾರನೊಬ್ಬ 2020ರಲ್ಲಿ ರಷ್ಯದ ಸೇನಾ ಪ್ರತಿನಿಧಿಗೆ ಪತ್ರ ಬರೆದು ಕಚೇರಿಯ ಸಿಬ್ಬಂದಿಯ ವಿವರಗಳನ್ನು ಕಳುಹಿಸಿದ್ದ. ಅನುಮಾನ ಅವನ ಮೇಲೆ ತಿರುಗಿದ ನಂತರ, 2021ರಲ್ಲಿ, ರಷ್ಯದಿಂದ ಬಂದ ಮಾಹಿತಿದಾರನಂತೆ ನಟಿಸುವ ಗುಪ್ತ ಅಧಿಕಾರಿಯೊಬ್ಬನನ್ನು ಕಚೇರಿಗೆ ಬರಮಾಡಿಕೊಳ್ಳಲಾಯಿತು. ಕಾವಲುಗಾರ ಆ ಅತಿಥಿಯ ಸಿಸಿಟಿವಿ ದೃಶ್ಯಗಳನ್ನು ತನ್ನ ಫೋನಿನಲ್ಲಿ ಸೆರೆಹಿಡಿದುಕೊಂಡ. ಆಮೇಲೆ ರಷ್ಯದ ಗುಪ್ತಚರಳ ವೇಷದಲ್ಲಿ ಇನ್ನೊಬ್ಬ ಅಧಿಕಾರಿಣಿ ಅವನನ್ನು ಬೀದಿಯಲ್ಲಿ ಮಾತಿಗೆಳೆದಳು. 2023ರ ಫೆಬ್ರವರಿಯಲ್ಲಿ ಲಂಡನ್ನಿನ ನ್ಯಾಯಾಲಯ ಅವನಿಗೆ 13 ವರ್ಷ 2 ತಿಂಗಳ ಸೆರೆವಾಸ ವಿಧಿಸಿತು. ಕಪಟ ಸಂನ್ಯಾಸಿನಿ, ಕಪಟ ವಿದ್ಯಾರ್ಥಿಗಳ ಜಾಗದಲ್ಲಿ ಕಪಟ ಮಾಹಿತಿದಾರ ಬಂದಿದ್ದಾನೆ ಎಂಬುದನ್ನು ಬಿಟ್ಟರೆ ತಂತ್ರ ಅದೇ. ಆದರೆ ಇಲ್ಲಿ ಆಮಿಷ ಒಡ್ಡಿದ್ದು ಆಗಲೇ ಹೆಜ್ಜೆ ತಪ್ಪಿದ್ದವನಿಗೆ. ಕಳಂಕವಿಲ್ಲದ ನೂರು ಜನರ ಮೇಲೆ ಇದೇ ಪ್ರಯೋಗ ನಡೆಸಿದ್ದರೆ ಅದು ಕೌಟಿಲ್ಯ ಬೇಡವೆಂದ ವಿಷಪ್ರಯೋಗವೇ ಆಗುತ್ತಿತ್ತು. ದ್ರೋಹ ಪತ್ತೆಯಾದದ್ದು ಕೆಲಸಕ್ಕೆ ಸೇರುವಾಗಿನ ತಪಾಸಣೆಯಿಂದಲ್ಲ, ಸೇರಿದ ಮೇಲಿನ ಗಮನದಿಂದ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಪರೀಕ್ಷಕನೇ ದೌರ್ಬಲ್ಯವನ್ನು ಹುಟ್ಟಿಸುವುದು ಆಮಿಷದ ಮೂಲಕ ಮಾತ್ರವಲ್ಲ. ಇಬ್ಬರು ರಾಜತಾಂತ್ರಿಕರು 1951ರಲ್ಲಿ ಸೋವಿಯತ್ ಪಕ್ಷಕ್ಕೆ ಓಡಿಹೋದ ಆಘಾತದ ನಂತರ ಬ್ರಿಟನ್ 1952ರಲ್ಲಿ ಜಾರಿಗೆ ತಂದ ವೆಟಿಂಗ್ ಪದ್ಧತಿಯಲ್ಲಿ ಸಲಿಂಗಕಾಮ ಬಹುಕಾಲ ಅನರ್ಹತೆಯಾಗಿತ್ತು. ಗುಟ್ಟು ಬಯಲಾಗುವ ಭಯದಿಂದ ಅಂಥವರು ಶತ್ರುವಿನ ಬೆದರಿಕೆಗೆ ಮಣಿಯಬಹುದೆಂಬುದು ಅದಕ್ಕೆ ಕೊಟ್ಟ ಕಾರಣ. ಆದರೆ ಅದು ಗುಟ್ಟಾಗಿ ಉಳಿಯಬೇಕಾದದ್ದು, ಬಯಲಾದರೆ ಕೆಲಸವನ್ನೂ ಮರ್ಯಾದೆಯನ್ನೂ ಕಳೆಯುವಂಥದ್ದಾದದ್ದು, ಅದನ್ನು ಅಪರಾಧವೆಂದು ಕರೆದ ಕಾನೂನಿನಿಂದ ಮತ್ತು ಅನರ್ಹತೆಯೆಂದು ಬರೆದ ಅದೇ ವೆಟಿಂಗ್ ನಿಯಮದಿಂದ. 1991ರಲ್ಲಿ ಆ ನಿರ್ಬಂಧ ತೆಗೆದುಹಾಕಿದಾಗ ಮನುಷ್ಯರು ಬದಲಾಗಲಿಲ್ಲ, ಬೆದರಿಸುವವನ ಕೈಯಲ್ಲಿದ್ದ ಆಯುಧ ಮೊಂಡಾಯಿತು. ಸಾಲದ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಸಾಲ ಹೆಚ್ಚಿದವನು ಲಂಚಕ್ಕೆ ಬಗ್ಗುವ ಸಂಭವ ಹೆಚ್ಚೆಂದು ಅವನ ಹಣಕಾಸನ್ನು ಜಾಲಾಡುವ ವ್ಯವಸ್ಥೆಯೇ, ಟೆಂಡರಿನಲ್ಲಿ ಅತಿ ಕಡಿಮೆ ದರ ನಮೂದಿಸಿದ ಗುತ್ತಿಗೆದಾರನಿಗೆ ಕಾವಲಿನ ಕೆಲಸವನ್ನು ವಹಿಸಿ, ಹನ್ನೆರಡು ಗಂಟೆಯ ಪಾಳಿ ಮುಗಿಸಿದರೂ ಸಾಲ ಮಾಡದೆ ತಿಂಗಳು ದಾಟದಂತಹ ಸಂಬಳಕ್ಕೆ ಕಾವಲುಗಾರನನ್ನು ನಿಲ್ಲಿಸುತ್ತದೆ. ಮೂರು ವರ್ಷ, ಐದು ವರ್ಷ ಒಂದೇ ದೇಶದಲ್ಲಿ ಇದ್ದಿರಬೇಕೆಂಬ ನಿಯಮವೂ ವಲಸೆ ಬಂದವನ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವನ ಕಡತ ತೆಳ್ಳಗಿದೆ ಎಂದಷ್ಟೇ ಹೇಳುತ್ತದೆ.

ಪರೀಕ್ಷೆಯ ಮಿತಿಯನ್ನು ಭಾರತೀಯ ಸಾಹಿತ್ಯದಲ್ಲಿ ಅತ್ಯಂತ ಸೂಕ್ಷ್ಮವಾಗಿ ಎತ್ತಿದ ಸಂದರ್ಭ ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿದೆ. ಶತ್ರುವಿನ ಸ್ವಂತ ತಮ್ಮನಾದ ವಿಭೀಷಣ ನಾಲ್ವರು ಸಂಗಡಿಗರೊಡನೆ ಬಂದು ಆಕಾಶದಲ್ಲೇ ನಿಂತು ಆಶ್ರಯ ಕೇಳಿದಾಗ, ಪಾಳೆಯದಲ್ಲಿ ನಡೆಯುವ ಚರ್ಚೆ ಇಂದಿನ ಯಾವ ಭದ್ರತಾ ಸಮಿತಿಯ ನಡಾವಳಿಗೂ ಕಡಿಮೆಯಲ್ಲ. ಇವನು ಗೂಢಚಾರ, ಕೊಲ್ಲಬೇಕು ಎನ್ನುತ್ತಾನೆ ಸುಗ್ರೀವ. ಗುಣದೋಷಗಳನ್ನು ತೂಗಿ ನೋಡಬೇಕೆಂದು ಅಂಗದ, ಚಾರನನ್ನು ಬಿಟ್ಟು ತಿಳಿಯಬೇಕೆಂದು ಶರಭ, ಬಂದ ದೇಶಕಾಲಗಳೇ ಶಂಕಾಸ್ಪದವೆಂದು ಜಾಂಬವಂತ, ನಯವಾದ ಮಾತಿನಿಂದ ಪ್ರಶ್ನಿಸಿ ಮನಸ್ಸನ್ನು ಅರಿಯಬೇಕೆಂದು ಮೈಂದ ಹೇಳುತ್ತಾರೆ. ಕೊನೆಗೆ ಮಾತನಾಡುವ ಹನುಮಂತ ಇವರಲ್ಲಿ ಒಬ್ಬೊಬ್ಬರ ಉಪಾಯದಲ್ಲೂ ಇರುವ ಬಿರುಕನ್ನು ತೋರಿಸುತ್ತಾನೆ: ಕಣ್ಣೆದುರಿಗೆ ನಿಂತವನ ಮೇಲೆ ಚಾರರನ್ನು ಬಿಡುವುದರಲ್ಲಿ ಅರ್ಥವಿಲ್ಲ, ದಿಢೀರನೆ ಪ್ರಶ್ನಿಸಿದರೆ ಬುದ್ಧಿವಂತನು ಶಂಕಿತನಾಗುತ್ತಾನೆ, ನಿಜವಾದ ಮಿತ್ರನಾಗಿದ್ದರೆ ಮನಸ್ಸು ಮುರಿದುಕೊಳ್ಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸಕ್ಕೆ ಹಚ್ಚದೆ ಒಬ್ಬನ ಯೋಗ್ಯತೆ ತಿಳಿಯುವುದಿಲ್ಲ, ತಿಳಿಯದೆ ಕೆಲಸಕ್ಕೆ ಹಚ್ಚುವುದು ದೋಷ. ಕಾವಲುಗಾರನ ಪೂರ್ವಪರೀಕ್ಷೆ ಎಂಬ ಇಡೀ ಪ್ರಯತ್ನ ಎಡವುವುದು ಈ ಇಕ್ಕಟ್ಟಿನಲ್ಲಿಯೇ.

ರಾಮನ ಉತ್ತರ ಆ ಇಕ್ಕಟ್ಟನ್ನು ಬಿಡಿಸುವುದಿಲ್ಲ, ಬೇರೆಡೆಗೆ ಒಯ್ಯುತ್ತದೆ. ಬಂದವನಲ್ಲಿ ದೋಷವಿದ್ದರೂ ಇರಲಿ, ಶರಣೆಂದವನಿಗೆ ಅಭಯ ಕೊಡುವುದು ತನ್ನ ವ್ರತ ಎಂಬುದು ಅವನ ನಿಲುವು. ಶ್ರೀವೈಷ್ಣವ ಆಚಾರ್ಯರು ಶರಣಾಗತಿಯ ಸಿದ್ಧಾಂತಕ್ಕೆ ಈ ಪ್ರಸಂಗವನ್ನು ಆಧಾರವಾಗಿಟ್ಟುಕೊಂಡರು. ವೇದಾಂತದೇಶಿಕರ ಅಭಯಪ್ರದಾನಸಾರ ಇದರ ಸುತ್ತಲೇ ಹೆಣೆದ ಕೃತಿ. ಭಕ್ತಿಯ ದೃಷ್ಟಿಯಿಂದ ಓದುವವರು ಸಾಮಾನ್ಯವಾಗಿ ಅವಸರದಲ್ಲಿ ದಾಟಿಹೋಗುವ ಒಂದು ಮಾತು ಅಲ್ಲಿದೆ: ಇವನು ದುಷ್ಟನೇ ಆಗಿದ್ದರೂ ತನಗೆ ಕಿಂಚಿತ್ತೂ ಕೇಡು ಮಾಡಲಾರ, ಮನಸ್ಸು ಮಾಡಿದರೆ ರಾಕ್ಷಸರನ್ನೆಲ್ಲ ಬೆರಳ ತುದಿಯಿಂದ ಇಲ್ಲವಾಗಿಸಬಲ್ಲೆ ಎಂದು ರಾಮ ಸುಗ್ರೀವನಿಗೆ ಹೇಳುತ್ತಾನೆ. ನಂಬಿಕೆ ನಂಬಲ್ಪಟ್ಟವನ ಗುಣದ ಬಗೆಗಿನ ಜ್ಞಾನವಲ್ಲ, ಅದು ಮುರಿದುಬಿದ್ದರೆ ತಾಳಿಕೊಳ್ಳುವ ಶಕ್ತಿಯುಳ್ಳವನು ತೆಗೆದುಕೊಳ್ಳುವ ತೀರ್ಮಾನ ಎಂಬುದು ಇಲ್ಲಿ ಅಡಗಿರುವ ವಿಚಾರ. ಅಣುಸ್ಥಾವರಕ್ಕೆ ರಾಮನ ಬೆರಳ ತುದಿ ಇಲ್ಲವೆಂದು ಆಕ್ಷೇಪಿಸಬಹುದು, ಆ ಆಕ್ಷೇಪ ಸರಿಯೂ ಹೌದು. ಆದರೆ ಒಬ್ಬನೇ ಕಾವಲುಗಾರನ ಕೈಗೆ ಎಲ್ಲ ಬೀಗದ ಕೈಗಳೂ ಸೇರದಂತೆ, ಒಬ್ಬನ ತಪ್ಪು ಇಡೀ ಸ್ಥಾವರದ ಅನಾಹುತವಾಗದಂತೆ ಕೆಲಸವನ್ನು ಹಂಚುವುದು ಆ ಶಕ್ತಿಯ ಮಾನವರೂಪ. ಅದನ್ನು ಬೆಳೆಸದೆ ವೆಟಿಂಗ್‌ನ ಮೇಲೆಯೇ ಭಾರ ಹಾಕುವ ವ್ಯವಸ್ಥೆ ಮನುಷ್ಯನ ಅಂತರಂಗದಿಂದ ಅದು ಕೊಡಲಾಗದ ಭರವಸೆಯನ್ನು ಕೇಳುತ್ತಿದೆ.

ಈ ವಾದಕ್ಕೆ ಎದುರಾಗುವ ಅತ್ಯಂತ ಕಠಿಣ ಉದಾಹರಣೆಯನ್ನು ಮರೆಮಾಡುವುದು ಪ್ರಾಮಾಣಿಕತೆಯಾಗದು. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದ ಸೇನಾ ಕಾರ್ಯಾಚರಣೆಯ ನಂತರ, ಪ್ರಧಾನಿ ಇಂದಿರಾ ಗಾಂಧಿಯವರ ಕಾವಲು ಪಡೆಯಿಂದ ಸಿಖ್ ಸಿಬ್ಬಂದಿಯನ್ನು ತೆಗೆಯಬೇಕೆಂಬ ಸಲಹೆ ಬಂದಾಗ ಅವರು ಅದನ್ನು ಜಾತ್ಯತೀತ ತತ್ತ್ವಕ್ಕೆ ವಿರುದ್ಧವೆಂದು ಒಪ್ಪಲಿಲ್ಲ. ಅಕ್ಟೋಬರ್ 31ರ ಬೆಳಿಗ್ಗೆ ಅವರು ತಮ್ಮ ನಿವಾಸದ ಆವರಣದಲ್ಲಿ ಇಬ್ಬರು ಸಿಖ್ ಕಾವಲುಗಾರರ ಗುಂಡಿಗೆ ಬಲಿಯಾದರು. ಪರಿಣಾಮವನ್ನೇ ಅಳತೆಗೋಲು ಮಾಡಿದರೆ ಆ ನಿರಾಕರಣೆ ತಪ್ಪೆನಿಸುತ್ತದೆ. ಆದರೆ ಇಬ್ಬರ ಕೃತ್ಯವನ್ನು ಇಡೀ ಸಮುದಾಯದ ಲೆಕ್ಕಕ್ಕೆ ಬರೆಯುವ ಬುದ್ಧಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಮುಂದಿನ ಕೆಲವೇ ದಿನಗಳಲ್ಲಿ ದೆಹಲಿಯ ಬೀದಿಗಳಲ್ಲಿ ಕೊಲೆಯಾದ ಸಾವಿರಾರು ನಿರಪರಾಧಿ ಸಿಖ್ಖರೇ ಸಾಕ್ಷಿ. ಹುಟ್ಟನ್ನು ನೋಡಿ ಹೊರಗಿಡುವುದು ಪರೀಕ್ಷೆಯೇ ಅಲ್ಲ, ಪರೀಕ್ಷಿಸುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿ. ಸಮುದಾಯವನ್ನು ಹೊರಗಿಡುವುದಿಲ್ಲ ಎಂದು ನಿರ್ಧರಿಸಿದವರಿಗೆ ಒಬ್ಬೊಬ್ಬನನ್ನೂ ಬಿಡಿಯಾಗಿ, ನಿರಂತರವಾಗಿ ಗಮನಿಸುವ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತತ್ತ್ವಕ್ಕೆ ಅಂಟಿಕೊಂಡವರು ಆ ಶ್ರಮವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಅನುಮತಿ ನಿರಾಕರಿಸಿದಾಗ ಕಾರಣ ಹೇಳಬೇಕೇ ಎಂಬುದು ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ವಿಮಾನ ನಿಲ್ದಾಣಗಳಲ್ಲಿ ಸೇವೆ ಒದಗಿಸುತ್ತಿದ್ದ, ಮಾಜಿ ಸೈನಿಕರ ಹೆಸರನ್ನೇ ಹೊತ್ತ ಸಂಸ್ಥೆಯೊಂದರ ಭದ್ರತಾ ಅನುಮತಿಯನ್ನು ಹಿಂತೆಗೆದುಕೊಂಡ ಪ್ರಕರಣದಲ್ಲಿ, ರಾಷ್ಟ್ರದ ಭದ್ರತೆಯ ವಿಷಯ ಬಂದಾಗ ಸಹಜ ನ್ಯಾಯದ ತತ್ತ್ವ, ಅಂದರೆ ಆರೋಪಿತನ ಮಾತನ್ನು ಕೇಳಿಯೇ ತೀರ್ಮಾನಿಸಬೇಕೆಂಬ ನಿಯಮ, ಹಿಂದೆ ಸರಿಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಏಪ್ರಿಲ್‌ನಲ್ಲಿ ಮಲಯಾಳದ ಸುದ್ದಿವಾಹಿನಿಯೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಭದ್ರತೆಯ ಹೆಸರೆತ್ತಿದ ಮಾತ್ರಕ್ಕೆ ಆಧಾರವಿಲ್ಲದೆ ಹಕ್ಕುಗಳನ್ನು ಕಸಿಯಲಾಗದೆಂದೂ ಮುಚ್ಚಿದ ಲಕೋಟೆಯಲ್ಲಿ ಕಾರಣ ಸಲ್ಲಿಸುವ ಪದ್ಧತಿ ನ್ಯಾಯಕ್ಕೆ ಒಗ್ಗದೆಂದೂ ಸ್ಪಷ್ಟಪಡಿಸಿತು. ಬ್ರಿಟನ್ನಿನಲ್ಲಿ ವೆಟಿಂಗ್ ಮೇಲ್ಮನವಿ ಮಂಡಳಿ ಇದೆ, ಆದರೆ ಆಗಲೇ ಕೆಲಸದಲ್ಲಿರುವವರಿಗೆ ಮಾತ್ರ; ಹೊಸದಾಗಿ ಸೇರಲು ಬಂದವನಿಗೆ ಅದರ ಬಾಗಿಲು ತೆರೆಯುವುದಿಲ್ಲ. ತನ್ನಲ್ಲಿ ಯಾವ ದೋಷ ಕಂಡಿತೆಂದು ತಿಳಿಯದವನು ಅದನ್ನು ಅಲ್ಲಗಳೆಯಲೂ ಆರ, ತಿದ್ದಿಕೊಳ್ಳಲೂ ಆರ. ಗುಪ್ತಚರ ಮೂಲ ಬಯಲಾಗಬಾರದೆಂಬ ಕಾಳಜಿ ನ್ಯಾಯವಾದುದೇ. ಕಾರಣದ ಸಾರಾಂಶವನ್ನೂ ಹೇಳದಿರುವುದಕ್ಕೆ ಆ ಕಾಳಜಿ ಸಾಲದು.

ಕಾಯುವವನು ತಪ್ಪಿದಾಗ ಹೊಣೆ ಯಾರದು ಎಂಬುದಕ್ಕೆ ಭಾಗವತದ ಮೂರನೆಯ ಸ್ಕಂಧ ಒಂದು ಉತ್ತರ ಕೊಡುತ್ತದೆ. ವೈಕುಂಠದ ಆರು ಬಾಗಿಲು ದಾಟಿ ಬಂದ ಸನಕಾದಿ ಋಷಿಗಳನ್ನು, ಐದು ವರ್ಷದ ಬತ್ತಲೆ ಬಾಲಕರಂತೆ ಕಾಣುತ್ತಿದ್ದ ಕಾರಣಕ್ಕೆ, ಏಳನೆಯ ಬಾಗಿಲ ಕಾವಲಿಗಿದ್ದ ಜಯವಿಜಯರು ತಡೆಯುತ್ತಾರೆ. ಋಷಿಗಳ ಶಾಪದಿಂದ ಮೂರು ಜನ್ಮ ಅಸುರಭಾವದಲ್ಲಿ ಕಳೆಯುತ್ತಾರೆ. ಶಾಪದ ಸುದ್ದಿ ಕೇಳಿ ನಡೆದುಕೊಂಡೇ ಬಂದ ವಿಷ್ಣು, ಸೇವಕರ ಅಪರಾಧವೆಂದರೆ ಒಡೆಯನ ಅಪರಾಧವೇ ಎಂದು ಅದನ್ನು ತನ್ನ ಮೇಲೆ ಹಾಕಿಕೊಂಡು ಋಷಿಗಳ ಕ್ಷಮೆ ಕೇಳುತ್ತಾನೆ. ಇಂದಿನ ಪದ್ಧತಿಯಲ್ಲಿ ನಡೆಯುವುದು ಇದರ ವಿರುದ್ಧ: ಅನಾಹುತವಾದಾಗ ಗುತ್ತಿಗೆದಾರ ಪರಿಶೀಲನಾ ಪತ್ರವನ್ನು ತೋರಿಸುತ್ತಾನೆ, ಪತ್ರ ಕೊಟ್ಟ ಇಲಾಖೆ ಆ ದಿನದವರೆಗಿನ ದಾಖಲೆ ಶುದ್ಧವಾಗಿತ್ತೆನ್ನುತ್ತದೆ, ಒಡೆಯನ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ.

ಬೌದ್ಧ ವಿನಯಪಿಟಕದ ಮಹಾವಗ್ಗದಲ್ಲಿ ಹೇಳಿರುವ ಉಪಸಂಪದೆಯ ವಿಧಿ, ಅಂದರೆ ಭಿಕ್ಷುವಾಗಿ ಪೂರ್ಣದೀಕ್ಷೆ ಪಡೆಯುವ ಕ್ರಮ, ಒಡೆಯನ ಈ ಖಾಲಿ ಜಾಗವನ್ನು ಬೇರೆ ರೀತಿಯಲ್ಲಿ ತುಂಬಿತು. ಅಲ್ಲಿಯೂ ಅಭ್ಯರ್ಥಿಯನ್ನು ಪ್ರಶ್ನಿಸುತ್ತಾರೆ, ಆ ಪ್ರಶ್ನೆಗಳು ಇಂದಿನ ಅರ್ಜಿಗಳಿಗೆ ಬೆರಗಾಗುವಷ್ಟು ಹತ್ತಿರ: ಇಂತಿಂಥ ರೋಗಗಳಿವೆಯೇ, ಸ್ವತಂತ್ರನೇ, ಸಾಲವಿಲ್ಲದವನೇ, ರಾಜಸೇವೆಯಲ್ಲಿ ಇಲ್ಲವೇ, ತಂದೆತಾಯಿಯ ಒಪ್ಪಿಗೆ ಇದೆಯೇ, ಇಪ್ಪತ್ತು ತುಂಬಿದೆಯೇ. ಸಂಘದ ನಡುವೆ ಇವನ್ನೆಲ್ಲ ಕೇಳಿದಾಗ ಅಭ್ಯರ್ಥಿಗಳು ನಾಚಿ ಬಾಯಿಬಿಡಲಾರದೆ ಹೋದುದರಿಂದ, ಮೊದಲು ಪಕ್ಕಕ್ಕೆ ಕರೆದು ಪ್ರಶ್ನೆಗಳನ್ನು ತಿಳಿಸಿಕೊಟ್ಟು, ಹೆದರಬೇಡವೆಂದು ಹೇಳಿ, ಆಮೇಲೆ ಸಭೆಯಲ್ಲಿ ಕೇಳಬೇಕೆಂಬ ನಿಯಮ ಬಂತು. ಪ್ರಶ್ನಿಸಲ್ಪಡುವವನ ಮಾನಕ್ಕೆ ಇಷ್ಟು ಬೆಲೆ ಕೊಟ್ಟ ತಪಾಸಣೆ ಅಪರೂಪ. ಹಂತಕನಾಗಿದ್ದ ಅಂಗುಲಿಮಾಲನನ್ನು ಬುದ್ಧ ಸ್ವತಃ ಸಂಘಕ್ಕೆ ಸೇರಿಸಿಕೊಂಡಾಗ ಜನ ಹೆದರಿ ಗೊಣಗಿದರು. ಇನ್ನು ಮುಂದೆ ಹೆಸರುವಾಸಿ ಕಳ್ಳರಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಆಮೇಲೆ ಹುಟ್ಟಿತು. ಮನುಷ್ಯ ಬದಲಾಗಬಲ್ಲನೆಂಬ ನಂಬಿಕೆಗೂ ಊರವರ ಭಯಕ್ಕೂ ಒಂದೇ ಪರಂಪರೆ ಹೀಗೆ ಜಾಗ ಮಾಡಿಕೊಟ್ಟಿತು, ಎರಡನ್ನೂ ಪೂರ್ತಿಯಾಗಿ ಹೊಂದಿಸಲಾಗಲಿಲ್ಲ.

ಆ ಪ್ರಶ್ನಾವಳಿಯ ಕೊನೆಯ ಪ್ರಶ್ನೆ ಉಪಾಧ್ಯಾಯನ ಹೆಸರೇನು ಎಂಬುದು. ಉಪಾಧ್ಯಾಯನೆಂದರೆ ಅಭ್ಯರ್ಥಿಯನ್ನು ಕರೆತಂದು ಅವನ ಪರವಾಗಿ ನಿಲ್ಲುವ ಹಿರಿಯ ಭಿಕ್ಷು. ಅವನ ಕೆಲಸ ಹೆಸರು ಬರೆಸುವಲ್ಲಿಗೆ ಮುಗಿಯುವುದಿಲ್ಲ: ಶಿಷ್ಯನನ್ನು ಮಗನಂತೆ ಕಾಣಬೇಕು, ಪಾತ್ರೆ ಚೀವರಗಳಿಲ್ಲದಿದ್ದರೆ ಒದಗಿಸಬೇಕು, ಮನಸ್ಸು ಕದಡಿದರೆ ಸಮಾಧಾನಪಡಿಸಬೇಕು, ಕಾಯಿಲೆ ಬಿದ್ದರೆ ಗುಣವಾಗುವವರೆಗೆ ಆರೈಕೆ ಮಾಡಬೇಕು. ಬ್ರಿಟನ್ನಿನ ವೆಟಿಂಗ್‌ನಲ್ಲಿಯೂ ಕಾವಲುಗಾರನು ತಾನೇ ಅರ್ಜಿ ಹಾಕುವಂತಿಲ್ಲ, ಪ್ರಾಯೋಜಕನೆಂಬ ಒಡೆಯ ಬೇಕು; ಕೆಲಸ ಬಿಟ್ಟೊಡನೆ ಆ ಪ್ರಾಯೋಜಕತ್ವ ಮುಗಿಯುತ್ತದೆ, ಕೆಲಸದಲ್ಲಿ ಇರುವಷ್ಟು ಕಾಲವೂ ಅದು ಉಪಾಧ್ಯಾಯನ ಕರ್ತವ್ಯಗಳಲ್ಲಿ ಯಾವೊಂದನ್ನೂ ಪ್ರಾಯೋಜಕನ ಮೇಲೆ ಹೊರಿಸುವುದಿಲ್ಲ.